ನೋಡಬೇಕು

"ಲಾಕ್ ತೆಗಿ," ಎಂದರು ಪ್ರಿನ್ಸಿಪಾಲರು.

ಹುಡುಗಿ ತೆಗೆಯಲಿಲ್ಲ. ಮೇಜಿನ ಮೇಲಿದ್ದ ತನ್ನ ಫೋನು ಬಿಟ್ಟು ಪ್ರಿನ್ಸಿಪಾಲರ ಪಕ್ಕ ಕೂತಿದ್ದವನ ಮುಖ ನೋಡಿದಳು.

ಅವನು ಕನ್ನಡಕ ಒರೆಸತೊಡಗಿದ. ಕಾಲೇಜಿನಲ್ಲಿ ಕಾನೂನು ಕಲಿಸುವವನು. ಶಿಸ್ತು ಸಮಿತಿಯಲ್ಲಿ ಕಾನೂನು ಬಲ್ಲವರೊಬ್ಬರು ಇರಲಿ ಅಂತ ಅವನನ್ನು ಕೂರಿಸಿದ್ದರು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ ಎಂದು ಬೆಳಿಗ್ಗೆಯಷ್ಟೇ ಇವಳ ಕ್ಲಾಸಿನಲ್ಲಿ ಮೇಜು ಕುಟ್ಟಿ ಹೇಳಿದ್ದ. ಇವಳು ಮುಂದಿನ ಬೆಂಚಿನಲ್ಲಿ ತಲೆದೂಗಿದ್ದಳು.

ಹಾಸ್ಟೆಲಿನ ನೀರಿನ ಟ್ಯಾಂಕಿನಲ್ಲಿ ಪಾರಿವಾಳ ಸತ್ತು ತೇಲುತ್ತಿದ್ದ ಫೋಟೋ ಪೇಪರಿನಲ್ಲಿ ಬಂದಿತ್ತು. ಪಾರಿವಾಳ ಬಿದ್ದದ್ದು ಹೇಗೆ ಅಂತ ಯಾರೂ ಕೇಳಲಿಲ್ಲ. ಫೋಟೋ ಕಳಿಸಿದ್ದು ಯಾರು ಅನ್ನುವುದೇ ಎಲ್ಲರ ಚಿಂತೆ. ಅನುಮಾನ ಇವಳ ಮೇಲೆ ಬಿದ್ದಿತ್ತು.

"ಏನ್ ಮೇಷ್ಟ್ರೇ, ಫೋನ್ ನೋಡೋಕೆ ಕಾನೂನಿನ ತೊಂದರೆ ಏನಾದ್ರೂ ಇದೆಯಾ?"

ಇದೆ. ಒಂದೇ ಮಾತು. ನಾಲಿಗೆಯ ತುದಿಗೂ ಬಂತು. ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

"ಅದೂ... ನೋಡಬೇಕು ಸಾರ್," ಅಂದ.

"ಕೇಳಿಸ್ಕೊಂಡ್ಯಾ? ನೋಡಬೇಕಂತೆ. ನಿಮ್ಮ ಮೇಷ್ಟ್ರೇ ಹೇಳ್ತಿದ್ದಾರೆ. ತೆಗಿ."

ಅವನು ಬಾಯಿ ತೆರೆದ. ಕನ್ನಡಕ ಏರಿಸಿಕೊಂಡ. ಅಷ್ಟರಲ್ಲಿ ಹುಡುಗಿಯ ಹೆಬ್ಬೆರಳು ಫೋನಿನ ಮೇಲಿತ್ತು.

ಫೋಟೋ ಸಿಗಲಿಲ್ಲ. ಪ್ರಿನ್ಸಿಪಾಲರ ಬೆರಳು ಮಾತ್ರ ನಿಲ್ಲಲಿಲ್ಲ. ಅಕ್ಕನಿಗೆ ಬರೆದದ್ದೊಂದು ಸಿಕ್ಕಿತು. ಗಟ್ಟಿಯಾಗಿ ಓದಿದರು: "ಅಕ್ಕಾ, ಈ ತಿಂಗಳೂ ಆಗಿಲ್ಲ. ಭಯ ಆಗ್ತಿದೆ. ಅಪ್ಪಂಗೆ ಹೇಳ್ಬೇಡ."

ಸಮಿತಿಯಲ್ಲಿ ಕೂತಿದ್ದ ಆಫೀಸಿನ ಸೂಪರಿಂಟೆಂಡೆಂಟ್ ಕರವಸ್ತ್ರದಲ್ಲಿ ಕೆಮ್ಮಿದ. ಅದು ಕೆಮ್ಮಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ಪಾರಿವಾಳದ ಮಾತು ಮುಗಿಯಿತು.

"ನಿಮ್ಮಪ್ಪನ್ನ ಕರ್ಕೊಂಡ್ ಬಾ. ಅಲ್ಲೀತನಕ ಹಾಸ್ಟೆಲಿಗೆ ಕಾಲಿಡ್ಬೇಡ."

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಅವನು ಹಿಂದೆಯೇ ಹೋಗಿ ವರಾಂಡದಲ್ಲಿ ಅವಳನ್ನು ನಿಲ್ಲಿಸಿದ.

"ನೋಡಮ್ಮ, ನಾನು ನೋಡಬೇಕು ಅಂದದ್ದು ಬೇರೆ ಅರ್ಥದಲ್ಲಿ. ಅಂದ್ರೆ, ಕಾನೂನು ಏನು ಹೇಳುತ್ತೆ ಅಂತ..."

"ಗೊತ್ತು ಸರ್."

"ಮತ್ತೆ ಯಾಕೆ ತೆಗೆದೆ?"

"ನೀವು ಸುಮ್ಮನಿದ್ರಲ್ಲ ಸರ್."

"ಮನೇಲಿ ಏನಾದ್ರೂ..."

"ಅಪ್ಪ ಹೊಡೀತಾರೆ," ಅಂದಳು, ಬಸ್ಸಿನ ಹೊತ್ತು ಹೇಳಿದ ಹಾಗೆ. ಆಮೇಲೆ ಮೆಟ್ಟಿಲಿಳಿದು ಹೋದಳು. ಕರೆಯಬೇಕು ಅನ್ನಿಸಿತು. ಅಷ್ಟರಲ್ಲಿ ಮಧ್ಯಾಹ್ನದ ಕ್ಲಾಸಿನ ಗಂಟೆ ಹೊಡೆಯಿತು. ಉಪಕಾರವಾಯಿತು ಅಂದುಕೊಂಡ.

ಅವನು ಅವಳ ಕ್ಲಾಸಿಗೆ ಕಾಲಿಟ್ಟೊಡನೆ ಎಲ್ಲರೂ ಎದ್ದು ನಿಂತರು.

"ಕೂತ್ಕೊಳ್ಳಿ."

ಯಾರೂ ಕೂರಲಿಲ್ಲ. ಮುಖಗಳಲ್ಲಿ ಸಿಟ್ಟಿರಲಿಲ್ಲ, ಹಗೆಯಿರಲಿಲ್ಲ. ಏನೋ ಹೇಳುತ್ತಾನೆಂದು ಕಾಯುವವರ ತಾಳ್ಮೆ ಇತ್ತು.

ಮತ್ತೊಮ್ಮೆ ಹೇಳಿದ. ತುಟಿ ಅಲುಗಿದ್ದು ಅವನಿಗೆ ತಿಳಿಯಿತು. ಕಿವಿಗೊಟ್ಟರೆ ಫ್ಯಾನಿನ ಸದ್ದೊಂದೇ, ತನ್ನ ದನಿಯಿಲ್ಲ. ಕೈ ಮೆಲ್ಲಗೆ ಗಂಟಲಿಗೆ ಹೋಯಿತು. ಬೆರಳೊತ್ತಿ ಹಿಡಿದು, ಮೂರನೆಯ ಸಲ, ಬಾಯಿ ತೆರೆದ.