ಬೊಳ್ಳಿಯ ಹಟ್ಟಿಗೆ ಹಾಸಿದ ಟೈಲ್ಸ್

ದನದ ಹಟ್ಟಿಗೆ ಟೈಲ್ಸ್ ಹಾಕಿಸಿದ್ದನ್ನು ವರ್ಕಾಡಿಯ ಸುಂದರಿ ಹೊಸಂಗಡಿಯವರೆಗೂ ಹೇಳಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದಳು, ಕುಟುಂಬಶ್ರೀ ಮಹಿಳಾ ಸಂಘದ ಸಭೆಯಲ್ಲಿ ಎರಡು ಸಲ ಹೇಳಿದಳು. ಹೊಸ ಮನೆಗೆ ತಂದು ಉಳಿದ ಬಿಳಿ ಟೈಲ್ಸ್. ಮುಖ ಕಾಣುವಷ್ಟು ನುಣುಪು. ಸೊಪ್ಪು ಹಾಸಿ, ಅದು ಸೆಗಣಿಯೊಂದಿಗೆ ಕೊಳೆತು ಗೊಬ್ಬರವಾಗುವ ಹಳೆಯ ಪದ್ಧತಿ ಅವಳಿಗೀಗ ನಾಚಿಕೆಯ ವಿಷಯ. ಹಾಲಿನ ಸೊಸೈಟಿಯ ಪುರುಷೋತ್ತಮ, "ಮಾದರಿ ಹಟ್ಟಿ ಅಂತ ಫೋಟೋ ತೆಗೆದು ಸೊಸೈಟಿಯ ಗೋಡೆಗೆ ಹಾಕುವ ಅಕ್ಕಾ" ಅಂದದ್ದೇ ತಡ, ಶನಿವಾರದ ಫೋಟೋಕ್ಕೆ ಉಡುವ ಸೀರೆಗೂ ಇಸ್ತ್ರಿಯಾಯಿತು.

ಒಂದೇ ತೊಡಕು. ಗಬ್ಬದ ಹಸು ಬೊಳ್ಳಿ ಮಲಗುತ್ತಿರಲಿಲ್ಲ.

ಮೊದಲ ದಿನ ಅದು ಮಂಡಿ ಮಡಚಿತು, ಗೊರಸು ಜಾರಿತು, ಗಾಬರಿಯಿಂದ ಎದ್ದು ನಿಂತಿತು. ಆಮೇಲೆ ಪ್ರಯತ್ನವನ್ನೇ ಬಿಟ್ಟಿತು. ಮೂರು ದಿನದಿಂದ ಕಾಲು ಅಗಲಿಸಿ ನಿಂತೇ ಇದೆ. ಗಂಟುಗಳು ಊದಿವೆ. ಕರು ಹಾಕಲು ಎರಡು ವಾರವೂ ಇಲ್ಲ.

"ಜಾರಿ ಬಿದ್ದರೆ ಹೊಟ್ಟೆಯ ಕರುವೂ ಹೋಗ್ತದೆ, ಅದೂ ಹೋಗ್ತದೆ" ಎಂದ ಗಂಡ ಸುಕುಮಾರ.

"ಅಭ್ಯಾಸ ಆಗ್ತದೆ ಮಾರಾಯ್ರೆ. ನಮಗೆ ಆಗ್ಲಿಲ್ವಾ?"

"ನಿನಗೆ ಎಂತ ಆದದ್ದು? ಹೊಸ ಸೋಫಾದಲ್ಲಿ ಒಂದು ದಿನ ಕೂತದ್ದು ಉಂಟಾ?"

ಹೊಸ ಮನೆಗೆ ಒಕ್ಕಲಾಗಿ ಎಂಟು ತಿಂಗಳಾದರೂ ಸುಂದರಿ ಅಲ್ಲಿ ಕಾಲ್ಬೆರಳ ತುದಿಯಲ್ಲೇ ನಡೆಯುತ್ತಿದ್ದಳು. ಚಹಾ ಕುಡಿಯುವುದು ಹಿಂಬದಿಯ ಮೆಟ್ಟಿಲ ಮೇಲೆ. ಮಧ್ಯಾಹ್ನ ಅಡ್ಡಾಗುವುದು ಸೌದೆಕೊಟ್ಟಿಗೆಯ ಹಳೆಯ ಚಾಪೆಯಲ್ಲಿ. ನೆಂಟರು ಕೇಳಿದರೆ ಮಾತ್ರ, ಮನೆ ಬಹಳ ಆರಾಮ. ತನಗೆ ಕೂರಲಾಗದ ಮನೆ ಕಟ್ಟಿಸಿದ್ದು ಸಾಲದೆಂದು ಹಸುವಿಗೂ ಅಂಥದ್ದೇ ಕಟ್ಟಿಸಿಕೊಟ್ಟ ತನ್ನ ಔದಾರ್ಯಕ್ಕೆ ಅವಳಿಗೇ ನಗು ಬಂತು.

ಶನಿವಾರ ಬೆಳಿಗ್ಗೆ ಹುಲ್ಲು ಹಾಕಲು ಹೋದಾಗ ಬೊಳ್ಳಿಯ ಹಿಂಗಾಲು ನಡುಗುತ್ತಿತ್ತು. ಸುಂದರಿ ಅದನ್ನು ಮೆಲ್ಲನೆ ಹೊರತಂದು ಹಲಸಿನ ಮರಕ್ಕೆ ಕಟ್ಟಿದಳು. ಫೋಟೋಕ್ಕೆಂದು ಉಟ್ಟಿದ್ದ ಸೀರೆಯ ಸೆರಗು ಸಿಕ್ಕಿಸಿ ಪಿಕ್ಕಾಸು ಎತ್ತಿದಳು. ಮೊದಲ ಏಟಿಗೆ ಟೈಲ್ಸಿನ ಬೆಲೆ ನೆನಪಾಯಿತು. ಹತ್ತನೆಯದಕ್ಕೆ ಖುಷಿ ಶುರುವಾಯಿತು. ನಡುವೆ, ಕುಟುಂಬಶ್ರೀಯವರು ಯಾರಾದರೂ ನೋಡಿಯಾರೇ ಎಂದು ಬೇಲಿಯ ಕಡೆಗೂ ಕಣ್ಣಿತ್ತು. ಸುಕುಮಾರ ನಗು ತಡೆದುಕೊಂಡು ಚೂರುಗಳನ್ನು ಹೊತ್ತುಹಾಕಿದ. ಒರಟು ನೆಲ ಗುಡಿಸಿ, ಗುಡ್ಡೆಯಿಂದ ತಂದ ಸೊಪ್ಪನ್ನು ಅವಳು ದಪ್ಪಕ್ಕೆ ಹಾಸಿದಳು.

ಬೊಳ್ಳಿಯನ್ನು ಒಳಗೆ ಕಟ್ಟುವಾಗ ಪುರುಷೋತ್ತಮ ಮೊಬೈಲ್ ಹಿಡಿದು ಬಂದ.

"ಟೈಲ್ಸ್ ಎಲ್ಲಿ ಅಕ್ಕಾ?"

"ತೆಂಗಿನ ಬುಡದಲ್ಲಿ ಉಂಟು. ಬೇಕಾದ್ರೆ ಅದರದ್ದೇ ಫೋಟೋ ತೆಗೆ."

"ಹಾಗಾದ್ರೆ ಗೋಡೆಗೆ ಎಂತ ಹಾಕುವುದು?"

"ಮೆಲ್ಲ ಮಾತಾಡು ಮಾರಾಯ."

ಬೊಳ್ಳಿ ಸೊಪ್ಪು ಮೂಸಿತು. ಒಂದು ಗೊರಸು ಊರಿ ನೋಡಿತು, ಮತ್ತೆ ಊರಿತು. ಮಂಡಿ ಮಡಚಿ ಧೊಪ್ಪನೆ ಮಲಗಿ, ಮೂರು ದಿನದ ಉಸಿರನ್ನು ಒಮ್ಮೆಲೇ ಬಿಟ್ಟಿತು. ಸುಂದರಿಯೂ ಅದರ ಬೆನ್ನಿಗೊರಗಿ ಸೊಪ್ಪಿನ ಮೇಲೇ ಕೂತುಬಿಟ್ಟಳು, ಇಸ್ತ್ರಿ ಸೀರೆ ಸಮೇತ.

"ಸೋಫಾಕ್ಕೂ ಒಂದು ಹೊರೆ ಸೊಪ್ಪು ತರ್ಲಾ?" ಸುಕುಮಾರ ಕೇಳಿದ.

"ತನ್ನಿ, ದಪ್ಪಕ್ಕೆ ಹಾಸುವ" ಅಂದಳು ಸುಂದರಿ.