ತಿಳಿಯಾಗದ ಬಾವಿ

ಭೀಮವ್ವ ಬಾವಿಯ ಮೇಲಿನ ತಗಡನ್ನು ಎಳೆದೇ ಬಿಟ್ಟಳು. ಹಿತ್ತಲಲ್ಲಿ ನೆರೆದಿದ್ದವರೆಲ್ಲ ಮೂಗಿಗೆ ಸೆರಗು, ಟವೆಲು ಹಿಡಿದು ಹಿಂದೆ ಸರಿದರು. ಒಳಗೆ ಪಡಸಾಲೆಯಲ್ಲಿ ಅವಳ ಗಂಡ ಕಾಡಪ್ಪನ ಹೆಣ ಕಡೆಯ ಸ್ನಾನಕ್ಕೆ ಕಾದಿತ್ತು.

"ವೈನಿ, ಯಾರರ ಬೀಡಿ ಹಚ್ಚಿದ್ರ ಎಲ್ಲಾರೂ ಅವನ ಜೋಡಿನ ಹೋಗ್ತೀವ್ ನೋಡ್ರಿ," ಎಂದ ಕೃಷ್ಣಾಜಿ. ಭೀಮವ್ವನನ್ನು ಅತ್ತಿಗೆಯೆಂದೇ ಕರೆಯುವ ಪಕ್ಕದ ಮನೆಯ ಮರಾಠಿಯವನು, ಪೆಟ್ರೋಲ್ ಪಂಪಿನಲ್ಲಿ ಕಾಡಪ್ಪನ ಜೊತೆ ಮೂವತ್ತು ವರ್ಷ ದುಡಿದವನು. ಅವನು ಕನ್ನಡ ಕಲಿತದ್ದೇ ಕಾಡಪ್ಪನ ಬೈಗುಳದಿಂದ.

ಮಗಳು ಶೈಲಾ ಕೊಡ ಕಸಿಯಲು ಬಂದಳು. "ಅಪ್ಪಗ ಈ ನೀರ ಹಾಕ್ತೀ ಏನವ್ವಾ? ನಳದ ನೀರು ಕಾಯಿಸೇನಿ."

"ಕಡೀ ಜಳಕಾ ನಮ್ಮ ಬಾವಿ ನೀರಾಗ ಆಗಬೇಕು ಅಂದಾನ ನಿಮ್ಮಪ್ಪ."

"ತಿಳಿ ಆದ್ರ ಅಂದಿದ್ದ!"

*

ಮಾರ್ಕೆಟ್ ಯಾರ್ಡಿನ ಹತ್ತಿರದ ಆ ಪಂಪು ಇವರ ಗೋಡೆಯಾಚೆಗೇ ಇತ್ತು. ದಿನಾ ಬೆಳಿಗ್ಗೆ ನೆಲದೊಳಗಿನ ಟಾಕಿಗೆ ಅಳತೆಕೋಲು ಇಳಿಸಿ, ಪೆಟ್ರೋಲ್ ಎಷ್ಟು ಉಳಿದಿದೆ ಎಂದು ನೋಡುವುದು ಕಾಡಪ್ಪನ ಕೆಲಸ. ಒಂದು ಬೇಸಿಗೆಯಲ್ಲಿ ಮಾರಿದ್ದಕ್ಕಿಂತ ಎರಡು ಬೆರಳು ಹೆಚ್ಚೇ ಇಳಿಯತೊಡಗಿತು.

"ಬಿಸಲಿಗೆ ಹಾರತದಲೇ," ಎಂದ ಕೃಷ್ಣಾಜಿಗೆ.

ಮಳೆ ಹಿಡಿದ ಮೇಲೂ ಅದೇ ಮಾತು ಹೇಳಿದ. ಮಾಲೀಕನ ಮುಂದೆ ಬಾಯಿ ಬಿಡಲೇ ಇಲ್ಲ. ದೀಪಾವಳಿಯ ಸ್ನಾನಕ್ಕೆಂದು ಭೀಮವ್ವ ಸೇದಿದ ಕೊಡದ ಮೇಲೆ ಕಾಮನಬಿಲ್ಲಿನ ಬಣ್ಣ ತೇಲಿತು. ಕಾಡಪ್ಪ ಬಗ್ಗಿ ಮೂಸಿದ. ಟಾಕಿಯ ಪೆಟ್ರೋಲಿನದೇ ವಾಸನೆ.

ಸೋರುವ ಟಾಕಿ ಕಿತ್ತರು, ಆಮೇಲೆ ಪಂಪೂ ಹೋಯಿತು. ಬಾವಿ ಮಾತ್ರ ತಿಳಿಯಾಗಲಿಲ್ಲ. ಹನ್ನೊಂದು ವರ್ಷ, ಮಳೆಗಾಲ ಮುಗಿದಾಗಲೆಲ್ಲ ಒಂದು ಕೊಡ ಸೇದಿ ಮೂಸುತ್ತಿದ್ದ. "ಮುಂದಿನ ವರ್ಷ ಬರ್ತದ ಬಿಡು," ಎನ್ನುತ್ತಿದ್ದ, ಮುನಿಸಿಕೊಂಡು ತವರಿಗೆ ಹೋದ ಹೆಂಡತಿಯ ಮಾತೆತ್ತಿದ ಹಾಗೆ.

*

ಭೀಮವ್ವ ತುಂಬಿದ ಕೊಡ ಹೊತ್ತು ಪಡಸಾಲೆಗೆ ಬಂದಳು. ಬೊಗಸೆಯಲ್ಲಿ ನೀರು ತೆಗೆದು ಗಂಡನ ಪಾದದ ತನಕ ಒಯ್ದಳು. ಅಲ್ಲೇ ಕೈ ನಿಂತಿತು.

"ಈ ವರ್ಷಾನೂ ತಿಳಿ ಆಗಿಲ್ಲರೀ," ಎಂದಳು ಅವನಿಗೆ. ಬೊಗಸೆಯ ನೀರನ್ನು ತಿರುಗಿ ಕೊಡಕ್ಕೇ ಬಿಟ್ಟಳು. "ಶೈಲಾ, ನಳದ ನೀರು ತಾ."

"ಇದನ್ನ ಚೆಲ್ಲಲೇನ್ರಿ ವೈನಿ?" ಕೃಷ್ಣಾಜಿ ಕೇಳಿದ.

"ಮೂಲ್ಯಾಗ ಇರಲಿ."

ಮಣ್ಣು ಮುಗಿಸಿ ಗಂಡಸರು ತಿರುಗಿ ಬರುವ ಹೊತ್ತಾಯಿತು. ಹೆಣ ಇಟ್ಟಿದ್ದ ಜಾಗದಲ್ಲಿ ಇಡಲು ಶೈಲಾ ದೀಪ ಹಚ್ಚಿಕೊಂಡು ಬಂದಳು. ತಾಯಿ ಅದೇ ಜಾಗದಲ್ಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ದೀಪಾ ಹೊರಗ ಇರಲಿ," ಎಂದಳು ಭೀಮವ್ವ. "ಕೆಲಸದಿಂದ ಬಂದಾಗ ನಿಮ್ಮಪ್ಪನ ಅಂಗಿ ಹಿಂಗ ನಾರತಿತ್ತು. ಒಂದೀಟು ತಡಿ."

ಶೈಲಾ ಗಾಳಿಗೆ ಅಂಗೈ ಮರೆಮಾಡಿ ಹೊಸ್ತಿಲಾಚೆಗೇ ನಿಂತಳು. ಒಳಗೆ ತಾಯಿ ಸೆರಗನ್ನು ತಲೆಯ ಮೇಲಿಂದ ಕೊಡದ ಸುತ್ತ ಎಳೆದುಕೊಂಡು, ಅದರ ಬಾಯಿಗೆ ಮುಖವಿಟ್ಟಳು.