ಕೈಗುಣದ ಕೆಂಪು ಡಬ್ಬಿ

ಭಾಂಡುಪ್ ಗುಡ್ಡದ ಕೆಳಗಿನ ಗಾಲ್ಫ್ ಕ್ಲಬ್ಬಿನಲ್ಲಿ ನಾನು ಕ್ಯಾಂಟೀನ್ ನೋಡಿಕೊಳ್ಳುತ್ತೇನೆ. ಚೆಂಡನ್ನು ತಾವೇ ದೂರ ಹೊಡೆದು ತಾವೇ ಹುಡುಕಿಕೊಂಡು ಹೋಗುವ ಈ ಆಟದಲ್ಲಿ ಏನು ಸುಖವೋ, ನನಗಿನ್ನೂ ಅರ್ಥವಾಗಿಲ್ಲ. ಆದರೆ ಕ್ಯಾಂಟೀನಿನ ಎದುರಿನ ಗ್ರೀನ್, ಅಂದರೆ ಚೆಂಡು ಬೀಳುವ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲು, ನನಗೆ ಬಹಳ ಇಷ್ಟ. ಅದನ್ನು ನೆಟ್ಟವಳು ಹನುಮವ್ವ. ಹುಲ್ಲಿನ ಬಳ್ಳಿಯನ್ನು ಬೆರಳುದ್ದಕ್ಕೆ ಕತ್ತರಿಸಿ, ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ತುಂಡನ್ನು ಮಣ್ಣಿಗೆ ಊರಿದ್ದಳು.

ಕೂತು ಕೂತು ಅವಳ ಮೊಣಕಾಲು ಕೈಕೊಟ್ಟವು. ಈ ಮಳೆಗಾಲದಲ್ಲಿ ಆಪರೇಷನ್ ಆಯಿತು. ಚಾಳಿನ ಕೋಣೆಯಲ್ಲಿ ಮಲಗಿದಲ್ಲಿಂದಲೇ ದಿನಾ ಗಂಡನನ್ನು ಕೇಳುತ್ತಿದ್ದಳಂತೆ, "ನನ್ನ ಹುಲ್ಲ ಹ್ಯಾಂಗ್ ಐತ್ರಿ?"

ಗಂಡ ಗದಿಗೆಪ್ಪ ನಮ್ಮ ಹೆಡ್ ಮಾಲಿ. "ಹಸರ ಐತಿ. ಎದ್ದ ಬಾ, ನೋಡುವಂತಿ," ಎನ್ನುತ್ತಿದ್ದ. ನಿಜವೆಂದರೆ ಹುಲ್ಲಿಗೆ ಬೂಷ್ಟು ರೋಗ ಹಿಡಿದಿತ್ತು. ಅಲ್ಲಲ್ಲಿ ರೂಪಾಯಿ ಅಗಲದ ಒಣ ಚುಕ್ಕೆ. ಅವಳು ಬರುವಷ್ಟರಲ್ಲಿ ಹಸಿರು ಮಾಡಿಬಿಡಬೇಕೆಂದು ಅವನು ಹಟ ಹಿಡಿದ.

ಹುಲ್ಲಿನ ಉಸ್ತುವಾರಿಯ ಆಫೀಸರ್ ಸಪ್ನಾ ಎರಡು ಔಷಧ ಕೊಟ್ಟು, ಒಮ್ಮೆ ಇದು, ಮುಂದಿನ ಸಲ ಅದು ಎಂದು ಹೇಳಿದ್ದಳು. ಗದಿಗೆಪ್ಪ ಮೊದಲು ಕೆಂಪು ಡಬ್ಬಿಯದನ್ನು ಹೊಡೆದ; ಚುಕ್ಕೆ ಮಾಯವಾಯಿತು. ಮುಗಿಯಿತು, ಅವನ ಪಾಲಿಗೆ ಅದೇ ಧನ್ವಂತರಿ. ಈ ಮಹಾರಾಯ ಮನೆಯಲ್ಲೂ ಹೀಗೇ. ಸ್ಟೇಷನ್ ಹತ್ತಿರದ ಜ್ವರದ ಡಾಕ್ಟರನ ಬಳಿಗೆ ಹಲ್ಲುನೋವಿಗೂ ಹೋದವನು. ಕೇಳಿದರೆ, "ಆತನ ಕೈಗುಣ ಚಲೋ ಐತ್ರಿ" ಎನ್ನುತ್ತಾನೆ. ಕೆಂಪು ಡಬ್ಬಿಗೂ ಕೈಗುಣ ಇದೆಯೆಂದು ನಂಬಿ, ಇನ್ನೊಂದರ ಮುಚ್ಚಳವನ್ನೂ ತೆಗೆಯಲಿಲ್ಲ. ಚುಕ್ಕೆ ಮರಳಿ ಬಂತು, ಅದನ್ನೇ ಹೊಡೆದ. ಮತ್ತೆ ಬಂತು, ಇನ್ನೂ ಗಟ್ಟಿಯಾಗಿ ಕಲಸಿ ಹೊಡೆದ. ಕೊನೆಗೆ ಅರ್ಧ ಗ್ರೀನ್ ಒಣಗಿತು.

ಸಪ್ನಾ ಹುಲ್ಲನ್ನು ಲ್ಯಾಬಿಗೆ ಕಳಿಸಿ ನೋಡಿದಳು. ಇಲ್ಲೇ ಮಲಾಡಿನಲ್ಲಿ ಹಿಂದಿಯ ನಡುವೆ ಹುಟ್ಟಿ ಬೆಳೆದವಳು, ಅವಳ ಕನ್ನಡ ಎಡವುತ್ತಲೇ ನಡೆಯುತ್ತದೆ. "ಕಾಕಾ, ಒಂದೇ ದವಾ ಯಾಕೆ ಹಾಕಿದ್ರಿ? ವೀಕ್ ಇದ್ದ ಫಂಗಸ್ ಸತ್ತೋಯ್ತು. ಸಾಯದೇ ಇದ್ದದ್ದು ಬೆಳೀತು. ಈಗ ಎಲ್ಲಾ ಅದರದ್ದೇ ಬಚ್ಚೇ, ಮಕ್ಕಳು. ಈ ದವಾ ಅದಕ್ಕೆ ಬರೀ ಪಾನಿ, ನೀರು!"

ಹಾಳಾದಷ್ಟನ್ನೂ ಕಿತ್ತು ಹೊಸದಾಗಿ ನೆಡಬೇಕಾಯಿತು. ನರ್ಸರಿಯಿಂದ ರೋಗವಿಲ್ಲದ ಬಳ್ಳಿಯ ಮೂಟೆ ಬಂದ ದಿನವೇ, ಹೇಳದೆ ಕೇಳದೆ, ವಾಕರ್ ಹಿಡಿದುಕೊಂಡು ಹನುಮವ್ವ ಆಟೋದಿಂದ ಇಳಿದಳು. ಕಂಡೊಡನೆ ಗದಿಗೆಪ್ಪ ನನ್ನ ಅಡುಗೆಮನೆ ಹೊಕ್ಕ. ಬೋಂಡಾ ಕರಿಯುವವನ ಹಿಂದೆ ಅವಿತು ನಿಂತ ಆ ಆರಡಿ ಆಳನ್ನು ಕಂಡು ನನಗೆ ನಗು ಬಂತು. ಮುಖ ನೋಡಿದ ಮೇಲೆ ನಗಲಾಗಲಿಲ್ಲ.

ಹನುಮವ್ವ ಬೋಳಾದ ಮಣ್ಣನ್ನು ನೋಡುತ್ತ ನಿಂತಳು. ನಾನು ಕುರ್ಚಿ ಹಾಕಿದೆ. ಕೂತವಳು, "ಹೊರಗ ಬರ್ರಿ," ಎಂದು ಕೂಗಿದಳು.

ಅವನು ಬಂದ. "ನಾನ ಕೊಂದ್ನಿ ನೋಡ, ಒಂದ ಔಷಧ ಹೊಡದ ಹೊಡದ," ಎಂದ. "ನಿನ್ನ ಆಪರೇಷನ್‌ಕ ಒಳಗ ಒಯ್ದಾಗ ಮನಸಿನ್ಯಾಗ ಅಂದ್ಕೊಂಡಿದ್ನಿ. ಹುಲ್ಲ ಉಳೀತಂದ್ರ ನೀನೂ ಎದ್ದ ನಡೀತಿ ಅಂತ. ಅದು ಒಣಗಿದಂಗೆಲ್ಲ ಜೀವಾ ಝಲ್ ಅಂತಿತ್ತ."

"ಅದಕ್ಕ ಅಷ್ಟ ಹೊಡದ್ರಿ?"

ಅವನು ಹೌದೆಂದು ತಲೆಯಾಡಿಸಿದ. ಹನುಮವ್ವ ಕುರ್ಚಿಯ ಕೈ ಊರಿ ಎದ್ದಳು. ವಾಕರ್ ಮುಟ್ಟದೆ ಅವನ ಕಡೆಗೆ ನಡೆದಳು. ಕಾಲು ಸಣ್ಣಗೆ ನಡುಗುತ್ತಿತ್ತು, ಆದರೂ ನಡೆದಳು. ಹತ್ತಿರ ಹೋಗಿ ಅವನ ತೋಳು ಹಿಡಿದುಕೊಂಡಳು.

"ಹುಲ್ಲ ಸತ್ತೈತಿ," ಎಂದಳು. "ನಾ ನಡಿಯಾಕತ್ತೀನಿ. ಕಣ್ಣ ತೆಗದ ನೋಡ್ರಿ."